ಚೌಳು ನೋಡುವ ನಾಲಿಗೆ

ನನಗಾಗ ಹನ್ನೊಂದು ವರ್ಷ. ಅದಾಗಿ ಐವತ್ತೈದು ವರ್ಷ ಕಳೆಯಿತು. ಈಗ ನಾನಿರುವ ಪೀಣ್ಯದ ಬಾಡಿಗೆ ಕೋಣೆಯ ಹಿಂದುಗಡೆ ಕಬ್ಬಿಣದ ಸಾಮಾನಿಗೆ ಹೊಳಪು ಕೊಡುವ ಒಂದು ಪ್ಲೇಟಿಂಗ್ ಶೆಡ್ಡು ಇದೆ. ಬೆಳಗ್ಗೆ ಅವರು ಕಾಸ್ಟಿಕ್ ಸೋಡಾದ ತೊಟ್ಟಿ ಕಾಯಿಸಲು ಶುರು ಮಾಡಿದರೆ ಅದರ ಆವಿ ನನ್ನ ಕಿಟಕಿಗೆ ಬರುತ್ತದೆ. ಪಕ್ಕದ ಕೋಣೆಯ ರಾಯಚೂರಿನ ಹುಡುಗರು ಬೈದುಕೊಂಡು ಕಿಟಕಿ ಮುಚ್ಚುತ್ತಾರೆ. ನಾನು ಮುಚ್ಚುವುದಿಲ್ಲ. ಅದು ಒಳ್ಳೆಯ ವಾಸನೆ ಅಂತ ಸುಳ್ಳು ಹೇಳಲಾರೆ. ಗಂಟಲ ಹಿಂಭಾಗಕ್ಕೆ ಹೋಗಿ ಕೂತುಬಿಡುವ, ಬಾಯೆಲ್ಲ ಸೋಪು ಸೋಪು ಮಾಡುವ ವಾಸನೆ ಅದು. ಆದರೆ ಅದು ಬಂದ ಕೂಡಲೇ ನನಗೆ ನಮ್ಮ ಮನೆಯ ಹಿತ್ತಿಲು, ಹೊಗೆ ಕಟ್ಟಿದ ಉಬ್ಬೆ ಒಲೆ, ಒದ್ದೆ ಕಂಬಳಿ, ಅದರ ಪಕ್ಕ ಕುಕ್ಕುರುಗಾಲಲ್ಲಿ ಕೂತ ಅಜ್ಜಿ, ಎಲ್ಲ ಕಣ್ಣಿಗೆ ಬರುತ್ತವೆ. ನಿಮಗೂ ಇಂಥದ್ದೊಂದು ವಾಸನೆ ಇರಬೇಕು. ಇಲ್ಲದವರು ಯಾರಿದ್ದಾರೆ.

ನಮ್ಮ ಮನೆ ಕೆರೆ ಏರಿಯ ಕೆಳಗಿತ್ತು. ನಾವು ಮಡಿವಾಳರು, ಊರಿನ ಬಟ್ಟೆ ಒಗೆಯುವವರು. ಮಣ್ಣಿನ ಗೋಡೆ, ನಾಡಹೆಂಚು, ಮುಂದೆ ಜಗಲಿ, ಹಿಂದೆ ಎರಡು ಕತ್ತೆ ಕಟ್ಟುವ ಚಪ್ಪರ, ಇಷ್ಟೇ ಮನೆ. ಅದರೊಳಗೆ ಅಪ್ಪ, ಅವ್ವ, ಅಪ್ಪನ ತಮ್ಮ ಹನುಮಂತ ಚಿಕ್ಕಪ್ಪ, ನಾನು, ಇವರೆಲ್ಲರ ಮೇಲೆ ಅಜ್ಜಿ. ಅಜ್ಜಿ ಅಪ್ಪನ ತಾಯಿ, ಹೆಸರು ಮುನಿಯಮ್ಮ. ಕುಳ್ಳಗೆ, ಕಪ್ಪಗೆ ಇದ್ದಳು. ನೀರಲ್ಲಿ ನೆಂದು ನೆಂದು ಅವಳ ಬೆರಳುಗಳು ಒಣಗಿದ ಖರ್ಜೂರದ ಹಾಗೆ ಸುಕ್ಕಾಗಿದ್ದವು. ಮುದ್ದು ಮಾಡುವ ಅಜ್ಜಿಯಲ್ಲ. ಕತೆ ಹೇಳುವ ಅಜ್ಜಿಯೂ ಅಲ್ಲ. ಬೈಯುವಾಗ ಚೆನ್ನಾಗಿ ಬೈಯುತ್ತಿದ್ದಳು, ಸುಮ್ಮನಿರುವಾಗ ಚೆನ್ನಾಗಿ ಸುಮ್ಮನಿರುತ್ತಿದ್ದಳು. ವಾರಕ್ಕೆರಡು ಸಲ ಉಬ್ಬೆ. ಉಬ್ಬೆ ಅಂದರೆ ಕೊಳೆ ಬಟ್ಟೆಗಳನ್ನು ಚೌಳು ನೀರಲ್ಲಿ ಅದ್ದಿ ಹಿಂಡಿ, ಕುದಿಯುವ ದೊಡ್ಡ ಮಡಕೆಯ ಬಾಯಿ ಸುತ್ತ ಗೋಪುರದಂತೆ ಪೇರಿಸಿ, ಮೇಲೆ ಕಂಬಳಿ ಮುಚ್ಚಿ, ಬೆಳಗಾಗುವ ತನಕ ಆವಿಯಲ್ಲಿ ಬೇಯಿಸುವುದು. ಆಮೇಲೆ ಕೆರೆಗೆ ಹೊತ್ತು ಕಲ್ಲಿಗೆ ನಾಲ್ಕು ಏಟು ಹಾಕಿದರೆ ಕೊಳೆ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಚೌಳು ನಮಗೆ ಕೆರೆಯೇ ಕೊಡುತ್ತಿತ್ತು. ಬೇಸಗೆಯಲ್ಲಿ ಕೆರೆ ಹಿಂದಕ್ಕೆ ಸರಿದಾಗ ಅಂಚಿನ ನೆಲ ಅಕ್ಕಿಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಉಬ್ಬಿ ಬರುತ್ತಿತ್ತು. ಅದನ್ನು ಕೆರೆದು, ಕತ್ತೆ ಮೇಲೆ ಹೇರಿ ತಂದು, ತಳದಲ್ಲಿ ತೂತಿದ್ದ ಮಡಕೆಗೆ ತುಂಬಿ, ತೂತಿಗೆ ರಾಗಿ ಹುಲ್ಲು ತುರುಕಿ ಮೇಲಿಂದ ನೀರು ಹೊಯ್ಯುತ್ತಿದ್ದೆವು. ಕೆಳಗಿನ ಮಡಕೆಗೆ ತೊಟ್ಟಿಕ್ಕುವ, ಚಹಾದ ಬಣ್ಣದ ನೀರೇ ಚೌಳು ನೀರು.

ಕಷ್ಟ ಏನೆಂದರೆ, ಆ ನೀರು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಮಳೆ ಬಿದ್ದ ಮೇಲೆ ತಂದ ಮಣ್ಣು ಸಪ್ಪೆ. ಬಿಸಿಲಲ್ಲಿ ತಂದದ್ದು ಕೈ ಸಿಪ್ಪೆ ಸುಲಿಯುವಷ್ಟು ಗಟ್ಟಿ. ಸಪ್ಪೆಯಾದರೆ ಪಂಚೆಯಲ್ಲಿ ಕೊಳೆ ಹಾಗೇ ಇರುತ್ತದೆ, ಗಟ್ಟಿಯಾದರೆ ಪಂಚೆಯೇ ಇರುವುದಿಲ್ಲ. ಹಾಗಾಗಿ ಪ್ರತಿ ಸಲ ಅದರ ಜೋರು ಎಷ್ಟಿದೆ ಅಂತ ನೋಡಲೇಬೇಕು. ನೋಡುವುದು ನಾಲಿಗೆಯಲ್ಲಿ. ನಮ್ಮಲ್ಲಿ ಅದು ಮನೆಯ ಹಿರಿಯ ಹೆಂಗಸಿನ ಕೆಲಸ. "ಗಂಡಸ್ರ ನಾಲ್ಗೆ ಬೀಡಿಗೂ ಹೆಂಡಕ್ಕೂ ಸವೆದೋಗಿರ್ತದೆ, ಅದ್ರಲ್ಲಿ ಏನ್ ತಿಳೀತದೆ ಮಣ್ಣು" ಅನ್ನುತ್ತಿದ್ದಳು ಅಜ್ಜಿ. ಒಂದು ಹುಲ್ಲುಕಡ್ಡಿಯ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇದ್ದು, ಪಕ್ಕಕ್ಕೆ ಉಗಿದು ಹೇಳುತ್ತಿದ್ದಳು. ಜಾರ್ತದೆ ಅಂದರೆ ಬಣ್ಣದ ಸೀರೆಗೆ ಸರಿ. ಕಡೀತದೆ ಅಂದರೆ ಬಿಳಿ ಪಂಚೆಗೆ, ಬಾಣಂತಿ ಬಟ್ಟೆಗೆ. ಸುಡ್ತದೆ ಅಂದರೆ ಅಪ್ಪನೋ ಚಿಕ್ಕಪ್ಪನೋ ಮಾತಿಲ್ಲದೆ ನೀರು ತಂದು ಹೊಯ್ಯಬೇಕು. ಅವಳು ಸಾಕು ಅನ್ನುವ ತನಕ ಹೊಯ್ಯಬೇಕು. ಹೊಲ ಇಲ್ಲದ, ಒಡವೆ ಇಲ್ಲದ ಆ ಹೆಂಗಸಿನ ಮಾತು ಮನೆಯಲ್ಲಿ ನಡೆಯುತ್ತಿದ್ದದ್ದು ಈ ಒಂದು ನಾಲಿಗೆಯಿಂದ. ಯಾವ ಬಟ್ಟೆ ಯಾವತ್ತು ಉಬ್ಬೆಗೆ, ಯಾವ ಮನೆಯ ಬಟ್ಟೆ ಹಿಡಿಯಬೇಕು, ಯಾವುದು ಬೇಡ, ಎಲ್ಲ ಅವಳದೇ.

ಆ ವರ್ಷ ಚಳಿಗಾಲದಲ್ಲಿ ಅಜ್ಜಿಗೆ ಜ್ವರ ಬಂತು. ಸಾಯುತ್ತಾಳೆ ಅಂತ ಎಲ್ಲರೂ ಅಂದುಕೊಂಡರು, ಸಾಯಲಿಲ್ಲ. ಎದ್ದು ಓಡಾಡಿದಳು, ಬೈಯಲೂ ಶುರು ಮಾಡಿದಳು, ಮನೆಯವರಿಗೆ ಸಮಾಧಾನವಾಯಿತು. ಒಂದು ಮಧ್ಯಾಹ್ನ ನಾನು ಮಾಡಿನ ಗೂಡಿನಲ್ಲಿ ಕೈಯಾಡಿಸಿದಾಗ ಕಲ್ಲುಸಕ್ಕರೆ ಸಿಕ್ಕಿತು. ದೊಡ್ಡ ಚೂರನ್ನು ನಾನಿಟ್ಟುಕೊಂಡು ಸಣ್ಣದನ್ನು ಅಜ್ಜಿಗೆ ಕೊಟ್ಟೆ. ಕೊಡದಿದ್ದರೆ ಎಲ್ಲಿ ಸಿಕ್ಕಿತು ಅಂತ ಕೇಳುತ್ತಾಳೆ. ಇಬ್ಬರೂ ಬಾಯಿಗೆ ಹಾಕಿಕೊಂಡೆವು. ನನ್ನ ಬಾಯಿ ಚೀಲದ ಬಾಯಿಯ ಹಾಗೆ ಬಿಗಿದುಕೊಂಡಿತು. ಅದು ಸಕ್ಕರೆಯಲ್ಲ, ಕೆರೆಯ ಕದಡು ನೀರು ತಿಳಿಯಾಗಲಿ ಅಂತ ಹಾಕುವ ಪಟಿಕ. ನಾನು ಥೂ ಥೂ ಅಂತ ಉಗಿಯುತ್ತಿದ್ದರೆ ಅಜ್ಜಿ ಗೋಡೆಗೆ ಒರಗಿ ತನ್ನ ಚೂರನ್ನು ಆರಾಮಾಗಿ ಚೀಪುತ್ತಿದ್ದಳು. "ಯಾಕೆ ಉಗೀತೀಯೆ, ಸಿಹಿಯಾಗೈತಲ್ಲ" ಅಂದಳು. ನಾನು ಅವಳ ಮುಖ ನೋಡಿದೆ. ಅವಳೂ ನನ್ನ ಮುಖ ನೋಡಿದಳು. ಚೀಪುವುದು ನಿಂತಿತು. ಬಾಯಿಂದ ತೆಗೆದು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ನಾನು ಗಮನಿಸಿದೆ. ಕುದಿಯುವ ಗಂಜಿಯನ್ನು ಊದದೆ ಕುಡಿಯುತ್ತಿದ್ದಳು. ಅವ್ವ ಉಪ್ಪು ಮರೆತ ಸಾರಿಗೆ ಎಲ್ಲರೂ ಮುಖ ಕಿವುಚಿದರೆ ಇವಳು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದಳು. ಜ್ವರ ಅವಳ ನಾಲಿಗೆಯನ್ನು ಮರಗಟ್ಟಿಸಿ ಹೋಗಿತ್ತು. ಉಪ್ಪಿಲ್ಲ, ಹುಳಿಯಿಲ್ಲ, ಬಿಸಿಯಿಲ್ಲ, ಉರಿಯಿಲ್ಲ.

ಮುಂದಿನ ಉಬ್ಬೆಯ ದಿನ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ತಾನು ಕಡ್ಡಿ ಮುಟ್ಟಿಸಿಕೊಂಡು ಕಣ್ಣು ಮುಚ್ಚಿದಳು, ಇನ್ನೊಂದು ಕಡ್ಡಿ ನನಗೆ ಕೊಟ್ಟಳು. "ನೀನೂ ನೋಡು. ಕಲೀಬೇಕಲ್ಲ ಮುಂದೆ" ಅಂತ ಎಲ್ಲರಿಗೂ ಕೇಳುವಂತೆ ಹೇಳಿದಳು. ನಾನು ನೋಡಿದೆ. ಮೊದಲು ನುಣ್ಣಗೆ, ಕೆನೆ ತಾಗಿದಂತೆ. ಸ್ವಲ್ಪ ಹೊತ್ತಿಗೆ ತುದಿಯಲ್ಲಿ ಇರುವೆ ಕಚ್ಚಿದ ಹಾಗೆ ಚುರ್ ಅಂತು. "ಕಡೀತದೆ ಅಜ್ಜಿ" ಅಂತ ಮೆಲ್ಲಗೆ ಅಂದೆ. ಅವಳು ಕಣ್ಣು ತೆಗೆದು, ಪಕ್ಕಕ್ಕೆ ಉಗಿದು, "ಕಡೀತದೆ ಕಣ್ಲಾ ಅನ್ಮಂತ, ಪಂಚೆ ತಗಂಬಾ" ಅಂತ ಕೂಗಿದಳು. ಹೀಗೇ ನಡೆಯಿತು. ಹೇಳಬೇಡ ಅಂತ ಅವಳು ನನಗೆ ಹೇಳಲಿಲ್ಲ, ಹೇಳುವುದಿಲ್ಲ ಅಂತ ನಾನೂ ಹೇಳಲಿಲ್ಲ. ನಾಲಿಗೆ ಸತ್ತಿದೆ ಅಂತ ಗೊತ್ತಾದರೆ ಅವಳು ಜಗಲಿಯ ಮೂಲೆಗೆ ಬೀಳುತ್ತಾಳೆ ಅನ್ನುವುದು ಹನ್ನೊಂದು ವರ್ಷದವಳಿಗೂ ತಿಳಿಯುವ ಮಾತು. ಬೇರೆ ಮನೆಗಳ ಮುದುಕಿಯರನ್ನು ನಾನು ನೋಡಿರಲಿಲ್ಲವೇ, ನೊಣ ಓಡಿಸಿಕೊಂಡು ಕೂತವರನ್ನು.

ಆ ಚಳಿಗಾಲ ಕಳೆದು ಬಂದ ಬೇಸಗೆಯಲ್ಲಿ ಹೆದ್ದಾರಿಯ ಆಚೆ ಕಾರ್ಖಾನೆಗಳು ಏಳುತ್ತಿದ್ದವು. ಅದರಲ್ಲೊಂದರ ಕೆಲಸಗಾರರ ಎಣ್ಣೆ ಬಟ್ಟೆ ಒಗೆಯಲು ಜನ ಬೇಕು ಅಂತ ಚಿಕ್ಕಪ್ಪ ಸುದ್ದಿ ತಂದ. ಅಜ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ. "ಬಾಣಂತಿ ಬಟ್ಟೆ ಬೇಯೋ ಮಡ್ಕೇಲಿ ಗಾಡಿ ಕೀಲೆಣ್ಣೆ ಬೇಯಿಸ್ತೀಯೇನ್ಲಾ?" ಅಂದಳು. "ನಿನ್ ಚೌಳಿಗೆ ಆ ಎಣ್ಣೆ ಬಿಡಲ್ಲ ಕಣವ್ವ, ಅವ್ರೇ ಅದ್ಕೇನೋ ಬ್ಯಾರೆ ಕೊಡ್ತಾರೆ. ಮಡ್ಕೆನೂ ಬ್ಯಾರೆ ಇಡಾನ" ಅಂದ ಚಿಕ್ಕಪ್ಪ. ಎಂದೂ ಬಾಯಿ ಬಿಡದ ಅಪ್ಪ ಕೂಡ, "ಊರೋರು ಕೊಡೋ ಬಟ್ಟೆ ಕಮ್ಮಿ ಆಗ್ತೈತೆ ಅವ್ವ" ಅಂದ. ಅಜ್ಜಿ ಬಹಳ ಹೊತ್ತು ಎಲೆಯಡಿಕೆ ಜಗಿದಳು. ಕೊನೆಗೆ ಒಪ್ಪಿದಳು, ಒಂದು ಕಟ್ಟು ಹಾಕಿ. "ತರೋದಾದ್ರೆ ತತ್ತಾ. ಆದ್ರೆ ನಾನು ನಾಲ್ಗೆ ಇಟ್ ನೋಡ್ದೆ ಯಾವ್ ನೀರೂ ಬಟ್ಟೆಗೆ ಬೀಳಕೂಡ್ದು." ಅವಳಿಗೆ ಬೇರೆ ದಾರಿ ಇರಲಿಲ್ಲ. ಈ ಒಂದು ಸಲ ನೋಡುವುದಿಲ್ಲ ಅಂದಿದ್ದರೆ ಯಾಕೆ ಅಂತ ಕೇಳುತ್ತಿದ್ದರು.

ಚಿಕ್ಕಪ್ಪ ಒಂದು ಬೆಳಗ್ಗೆ ಮುಚ್ಚಳ ಬಿಗಿದ ತಗಡಿನ ಡಬ್ಬ ತಂದ. ಒಳಗೆ ಬೆಳ್ಳಗೆ, ಮೇಣದಬತ್ತಿ ಕೆತ್ತಿದ ಚೂರುಗಳಂಥದ್ದು. "ಕಾಸ್ಟಿಕ್ಕು ಅಂತಾರೆ. ಬರಿಗೈಲಿ ಮುಟ್ಬ್ಯಾಡ ಅಂದವ್ನೆ ಸ್ಟೋರಿನೋನು" ಅಂತ ದೊಡ್ಡಸ್ತಿಕೆಯಿಂದ ಹೇಳಿದ. ಅವ್ವನ ಅಲ್ಯೂಮಿನಿಯಂ ದಬರಿಗೆ ನೀರು ಹೊಯ್ದು ಒಂದು ಹಿಡಿ ಸುರಿದ. ಅದು ಬುಸ್ ಅಂತ ನೊರೆಯೆದ್ದು ದಬರಿಯನ್ನೇ ತಿನ್ನತೊಡಗಿತು. "ಅಯ್ಯೋ ನನ್ ದಬ್ರಿ! ನಿನ್ ಕಾರ್ಖಾನೆ ಮನೆ ಆಳಾಗ!" ಅಂತ ಅವ್ವ ಬಾಯಿ ಬಡಿದುಕೊಂಡಳು. ಅದನ್ನು ಚೆಲ್ಲಿ, ಮಣ್ಣಿನ ಬಾನಿ ತಂದು ಮತ್ತೆ ಕಲಸಿದರು. ಒಲೆಯ ಮೇಲೆ ಇಡದಿದ್ದರೂ ಬಾನಿ ಬಿಸಿಯಾಯಿತು. ನಾವೆಲ್ಲ ಸುತ್ತ ನಿಂತು ಬಾಯಿಬಿಟ್ಟು ನೋಡಿದೆವು. ಕೋಲಲ್ಲಿ ತಿರುಗಿಸುವಾಗ ಒಂದು ಹನಿ ಚಿಕ್ಕಪ್ಪನ ಮೊಣಕೈಗೆ ಸಿಡಿಯಿತು. ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಅವನು ಕುಣಿದುಕೊಂಡು ಹೋಗಿ ನೀರಿನ ಕೊಡಕ್ಕೇ ಕೈ ಹಾಕಿದ. ಚರ್ಮ ಬೆಳ್ಳಗಾಗಿತ್ತು. ಅಪ್ಪ ನಕ್ಕ. "ಅವ್ವಾ, ಇದ್ನ ನೀನು ನೋಡೋದ್ ಬ್ಯಾಡ ಬಿಡು" ಅಂದ ಚಿಕ್ಕಪ್ಪ. "ನಾನ್ ನೋಡ್ದಿರೋ ಚೌಳಾ ಇದು? ಸುಟ್ರೆ ಉಗೀತೀನಿ. ನಿನ್ ಅಂಗೆ ಕುಣಿಯಾಕಿಲ್ಲ" ಅಂತ ಅಜ್ಜಿ ಕೂತಳು. ಎಲ್ಲರಿಗೂ ಅದು ಸರಿ ಅನ್ನಿಸಿತು. ನಲವತ್ತು ವರ್ಷದಿಂದ ನೋಡಿದ ನಾಲಿಗೆ, ಸುಟ್ಟರೆ ಉಗಿಯುತ್ತದೆ. ಉರಿಯೇ ತಿಳಿಯದ ನಾಲಿಗೆ ಉಗಿಯುವುದಿಲ್ಲ ಅಂತ ಗೊತ್ತಿದ್ದದ್ದು ಅಲ್ಲಿ ಇಬ್ಬರಿಗೆ. ಅವಳಿಗೆ ಮತ್ತು ನನಗೆ.

ಅವಳು ಕಡ್ಡಿ ಅದ್ದಿದಳು. ನನ್ನ ಕಡೆ ನೋಡಲಿಲ್ಲ. ನನಗೂ ಒಂದು ಕಡ್ಡಿ ಕೊಡುತ್ತಾಳೆ ಅಂತ ಕಾದೆ, ಕೊಡಲಿಲ್ಲ. ಆಗ ನನಗೆ ಅರ್ಥವಾಯಿತು. ಇವಳು ಇದನ್ನು ನನ್ನ ನಾಲಿಗೆಗೆ ಮುಟ್ಟಿಸುವುದಿಲ್ಲ, ತನ್ನ ನಾಲಿಗೆಗೆ ಇಟ್ಟುಕೊಳ್ಳುತ್ತಾಳೆ, ಬಾಯಿ ಬೆಂದರೂ ಏನೋ ಒಂದು ಹೇಳಿ ಎದ್ದು ಹೋಗುತ್ತಾಳೆ. ಕಡ್ಡಿ ಬಾಯಿಯ ಹತ್ತಿರ ಹೋದಾಗ ನಾನು ಅವಳ ಕೈಗೆ ಹೊಡೆದೆ. ಕಡ್ಡಿ ಬೂದಿಗೆ ಬಿತ್ತು. ಹಿರಿಯಳ ಕೈಗೆ ಹೊಡೆದೆನೆಂದು ಅವ್ವ ನನ್ನ ಜಡೆ ಹಿಡಿದು ಎಳೆದಳು. "ಬ್ಯಾಡ! ಅಜ್ಜಿಗೆ ಗೊತ್ತಾಗಲ್ಲ!" ಅಂತ ಕಿರುಚಿದೆ.

"ಏನ್ ಗೊತ್ತಾಗಲ್ಲ?" ಅಂದ ಚಿಕ್ಕಪ್ಪ.

ನಾನು ಹಲ್ಲು ಕಚ್ಚಿಕೊಂಡೆ. ಅವ್ವ ಜಡೆಯನ್ನು ಇನ್ನೊಂದು ಸುತ್ತು ಸುತ್ತಿದಳು. ಆದರೂ ಬಾಯಿ ಬಿಡಲಿಲ್ಲ. ಅಜ್ಜಿಯೇ ಬಾಯಿ ಬಿಟ್ಟಳು. "ಬುಡೇ ಅದ್ನ. ನನ್ ನಾಲ್ಗೆ ಸತ್ತೋಗೈತೆ ಕಣ್ಲಾ. ಜ್ವರ ಬಂದಾಗ್ನಿಂದ."

"ಅಂಗಾರೆ ಇಷ್ಟ್ ದಿನ ಯಾರ್ ನೋಡ್ತಿದ್ದೋರು?" ಅಂದ ಚಿಕ್ಕಪ್ಪ. ಅಜ್ಜಿ ಗದ್ದದಲ್ಲೇ ನನ್ನನ್ನು ತೋರಿಸಿದಳು. "ಈ ಸಿಂಬಳದೋಳಾ? ಇವಳ್ ಮಾತಿಗಾ ನಾನು ಬೇಸ್ಗೆ ಪೂರಾ ಕೊಡಕೊಡ ನೀರ್ ಹೊತ್ತಿದ್ದು?" ಅಂತ ಅವನು ಸಿಟ್ಟಿನಲ್ಲೇ ನಕ್ಕುಬಿಟ್ಟ. "ಒಂದ್ ಪಂಚೆನಾದ್ರೂ ಹರೀತಾ?" ಅಂತ ಕೇಳಿದಳು ಅಜ್ಜಿ. ಹರಿದಿರಲಿಲ್ಲ. ಅವನಿಗೂ ಅದು ಗೊತ್ತಿತ್ತು. ತಲೆ ಕೆರೆದುಕೊಂಡು ಒಂದು ಹೊಸ ಕಡ್ಡಿ ಎತ್ತಿ ನನ್ನ ಮುಂದೆ ಹಿಡಿದ. "ಸರಿ ಮತ್ತೆ. ನೀನೇ ನೋಡಮ್ಮಣ್ಣಿ. ತುದೀಲಿ ಮುಟ್ಟಿಸ್ಕ, ತಕ್ಷಣ ಉಗಿ." ಅವನು ಕೆಟ್ಟವನಲ್ಲ. ನೀರು ನೋಡುವುದಕ್ಕೆ ನಾಲಿಗೆ ಬಿಟ್ಟು ಬೇರೇನೂ ಇದೆ ಅಂತ ಆ ಮನೆಯಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ನಾನೂ ಕೈ ಚಾಚಿದೆ. ಈಗ ಎಲ್ಲರ ಎದುರಿಗೆ ನಾನೇ ನೋಡುವವಳು ಅಂತ ಒಳಗೆ ಒಂದು ಜಂಬ ಕೂಡ ಇತ್ತು.

ಅಜ್ಜಿ ಎದ್ದು ನಿಂತು ಕಡ್ಡಿ ಕಿತ್ತುಕೊಂಡು ಮುರಿದಳು. "ಇದ್ರ ನಾಲ್ಗೆಗೆ ಅದು ತಾಗಕೂಡ್ದು. ಸತ್ತಿರೋದು ಒಂದು ಸಾಕು ಈ ಮನೇಲಿ." ಆಮೇಲೆ ಅವ್ವನ ಕಡೆ ತಿರುಗಿ, "ಅರಿಸಿನ ಕಲಸ್ಕಂಬಾ. ಹುಣಿಸೆಹಣ್ಣೂ ಕಿವುಚ್ಕಂಬಾ" ಅಂದಳು. ಆರತಿ ತಟ್ಟೆಯ ನೀರಿಗೆ ಅರಿಶಿನ ಹಾಕಿ ಸುಣ್ಣ ಸೇರಿಸಿದರೆ ಕೆಂಪಾಗುವುದು ನಿಮ್ಮ ಮನೆಯಲ್ಲೂ ನೋಡಿರುತ್ತೀರಿ. ಅದನ್ನೇ ಅವಳು ಯೋಚಿಸಿದ್ದಳು, ಹುಳಿ ಬಿದ್ದರೆ ಆ ಕೆಂಪು ಮತ್ತೆ ಹಳದಿಯಾಗುವುದನ್ನೂ. ಎರಡು ಬಿಳಿ ಪಿಂಗಾಣಿ ಬಟ್ಟಲಲ್ಲಿ ಅರಿಶಿನದ ನೀರು ಇಟ್ಟಳು. ಒಂದಕ್ಕೆ ಒಂದು ಚಿಪ್ಪು ನಮ್ಮ ಚೌಳು ನೀರು, ಪಂಚೆಗೆ ಸರಿ ಅಂತ ನಾನು ಆ ಬೆಳಗ್ಗೆ ತಾನೇ ಹೇಳಿದ್ದು. ಇನ್ನೊಂದಕ್ಕೆ ಅಷ್ಟೇ ಕಾಸ್ಟಿಕ್. ಎರಡೂ ಕೆಂಪಾದವು. ಎರಡನೆಯದು ಮಾತ್ರ ಕೋಳಿ ಕೊಯ್ದಂಥ ಕೆಂಪು. ಆಮೇಲೆ ಚಮಚದಲ್ಲಿ ಹುಣಿಸೆ ನೀರು ಹೊಯ್ಯುತ್ತಾ ಹೋದಳು. ಚೌಳಿನ ಬಟ್ಟಲು ಗುಳುಗುಳು ನೊರೆಯಾಡಿ ಬೇಗನೆ ಹಳದಿಗೆ ತಿರುಗಿತು. ಕಾಸ್ಟಿಕ್ಕಿನದು ನೊರೆಯಾಡಲಿಲ್ಲ, ಸುಮ್ಮನೆ ಬೆಚ್ಚಗಾಗುತ್ತಾ ಕೆಂಪಾಗಿಯೇ ಕೂತಿತ್ತು. ಹುಣಿಸೆ ನೀರು ಮುಗಿದು ಅವ್ವ ಮತ್ತೆ ಕಿವುಚಿ ತಂದಳು. "ಕುಡೀತೈತೆ ನೋಡು, ನಿಮ್ಮಪ್ಪನ ಅಂಗೆ" ಅಂದಳು ಅಜ್ಜಿ ಚಿಕ್ಕಪ್ಪನ ಕಡೆ ತಿರುಗಿ. ಎಲ್ಲರೂ ನಕ್ಕರು. ಅದು ಕೊನೆಗೂ ಹಳದಿಯಾದಾಗ, "ಚೌಳಿಗಿಂತ ಎಷ್ಟ್ ಪಟ್ಟು ಹುಣಿಸೆ ಕುಡೀತೋ ಅಷ್ಟ್ ಪಟ್ಟು ನೀರ್ ಸೇರ್ಸು. ಆಮೇಕೆ ಇನ್ನೊಂದು ದಪ ನೋಡಾನ" ಅಂದಳು. ಚಿಕ್ಕಪ್ಪ ಕೊಡ ಎತ್ತಿಕೊಂಡು ಹೋದ. ಮತ್ತೆ ನೋಡಿದಾಗ ಎರಡು ಬಟ್ಟಲೂ ಹೆಚ್ಚೂ ಕಮ್ಮಿ ಒಟ್ಟಿಗೇ ಹಳದಿಯಾದವು. ಎಣ್ಣೆ ಬಟ್ಟೆಯನ್ನು ಅದರಲ್ಲಿ ಅದ್ದಿದೆವು. ಬಟ್ಟೆ ಉಳಿಯಿತು, ಎಣ್ಣೆ ಹೋಯಿತು.

ಅಜ್ಜಿ ಜಗಲಿಯ ಮೂಲೆಗೆ ಬೀಳಲಿಲ್ಲ, ಆದರೆ ಮೊದಲಿನ ಹಾಗೂ ಇರಲಿಲ್ಲ. ಬಟ್ಟಲು ಯಾರು ಬೇಕಾದರೂ ನೋಡಬಹುದಲ್ಲ. ಬೀಡಿ ಸೇದುವ ಚಿಕ್ಕಪ್ಪನೂ ನೋಡುತ್ತಿದ್ದ. ಅವಳಿಗೆ ಅದು ಮೊದಲೇ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಅರಿಶಿನ ತಾ ಅಂದಾಗಲೇ ಗೊತ್ತಿತ್ತು. ಕೆಲವು ವರ್ಷ ಕಳೆದು ಅವಳು ಹೋದಳು. ಕಾರ್ಖಾನೆ ಒಗೆಯುವ ಯಂತ್ರ ತರಿಸಿತು, ಚಿಕ್ಕಪ್ಪ ಇಸ್ತ್ರಿ ಗಾಡಿ ಹಾಕಿದ, ಕೆರೆಯ ಅಂಚಿಗೆ ಬೇಲಿ ಬಿತ್ತು, ಆಮೇಲೆ ಬೇಲಿಯೊಳಗೆ ಶೆಡ್ಡುಗಳು ಬಂದವು. ಉಬ್ಬೆ ಒಲೆ ಇದ್ದ ಕಡೆ ಈಗ ಮೂರು ಅಂತಸ್ತಿನ ಬಾಡಿಗೆ ಕೋಣೆಗಳಿವೆ. ತಂತಿಯ ತುಂಬ ಬಟ್ಟೆ ಒಣಗುತ್ತಿರುತ್ತವೆ, ಅವರವರೇ ಒಗೆದುಕೊಂಡವು, ಸರಿಯಾಗಿ ಕೊಳೆ ಹೋಗಿರುವುದಿಲ್ಲ. ನಾನು ಬಹಳ ವರ್ಷ ಇಂಥದೇ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಗುಡಿಸುವ ಕೆಲಸ ಮಾಡಿದೆ. ಅಲ್ಲಿ ಕೆಮಿಸ್ಟ್ ಹುಡುಗಿಯೊಬ್ಬಳು ತೊಟ್ಟಿಯ ನೀರು ತಂದು, ಏನೋ ಹಾಕಿ ಗುಲಾಬಿ ಬಣ್ಣ ಮಾಡಿ, ಗೀಟು ಎಳೆದ ಗಾಜಿನ ಕೊಳವೆಯಿಂದ ಆಸಿಡ್ ಹನಿ ಹನಿಯಾಗಿ ಬಿಡುತ್ತಿದ್ದಳು. ಬಣ್ಣ ಹೋದ ಕೂಡಲೇ ತಿರುಪು ಮುಚ್ಚಿ ಕೊಳವೆಯ ಗೀಟು ಓದುತ್ತಿದ್ದಳು. ನಾನು ಪೊರಕೆ ಹಿಡಿದು ನಿಂತು ನೋಡುತ್ತಿದ್ದೆ. "ಏನಜ್ಜಿ, ಕಲೀತೀರಾ?" ಅಂತ ಕೇಳಿದಳು ಒಂದು ದಿನ. "ಕೈ ಸುಡ್ಕೋಬೇಡ ಕಣವ್ವ" ಅಂದೆ. ಅವಳು ಕೈಗವಸು ತೋರಿಸಿ ನಕ್ಕಳು. ರಬ್ಬರಿನದು, ಮೊಣಕೈವರೆಗೆ. ಒಳ್ಳೆಯ ವ್ಯವಸ್ಥೆ. ಯಾರ ಬಾಯೂ ಅದರೊಳಗೆ ಹೋಗಬೇಕಿಲ್ಲ. ಆದರೂ ಚೌಳಿನ ರುಚಿ ಗೊತ್ತಿರುವವರು ಈ ಕಡೆ ಈಗ ನಾನೊಬ್ಬಳೇ ಇರಬೇಕು. ಅದು ಯಾರಿಗೂ ಬೇಕಾಗಿಲ್ಲ, ನಿಜ. ನನ್ನ ಜೊತೆಗೆ ಹೋಗುತ್ತದೆ.

ಆ ಹೊತ್ತಿನಲ್ಲಿ ಇದೆಲ್ಲ ಯಾರಿಗೆ ಗೊತ್ತಿತ್ತು. ಆ ರಾತ್ರಿ ಎಣ್ಣೆ ಬಟ್ಟೆ ಉಬ್ಬೆಗೆ ಹಾಕಿ ಎಲ್ಲರೂ ಮಲಗಿದರು. ಅಜ್ಜಿ ನನ್ನನ್ನು ಬೈಯಲಿಲ್ಲ. ಮಲಗುವಾಗ ತನ್ನ ಕಂಬಳಿಯ ಅರ್ಧವನ್ನು ನನ್ನ ಕಡೆ ನೂಕಿದಳು, ಅಷ್ಟೇ. ನಾನು ಚೌಳು ನೋಡುತ್ತಿದ್ದ ಆ ತಿಂಗಳುಗಳಲ್ಲಿ ನಾಲಿಗೆ ಕೆಡುತ್ತದೆ ಅಂತ ಅವಳು ನನಗೆ ಖಾರ ಮುಟ್ಟಲು ಬಿಟ್ಟಿರಲಿಲ್ಲ, ಬೆಳಗಿನ ಹೊತ್ತು ತುತ್ತು ಬಾಯಿಗಿಡಲೂ ಬಿಟ್ಟಿರಲಿಲ್ಲ. ಮರುದಿನ ಬೆಳಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು, ಮುಖವನ್ನೂ ತೊಳೆಯದೆ, ತಂಗಳು ಮುದ್ದೆಗೆ ಹಸಿಮೆಣಸಿನಕಾಯಿ ಕಚ್ಚಿಕೊಂಡು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುವ ತನಕ ಹೊಟ್ಟೆ ತುಂಬ ತಿಂದೆ.